ಶುದ್ಧ ಜಾಗದ ಹುಲ್ಲು

ಜೂನ್ 3

ಅಪ್ಪನಿಗೆ,

ನಿಮಗೆ ಬರೆದು ನಾಲ್ಕು ವರ್ಷವಾಯಿತು. ಹೇಗೆ ಶುರು ಮಾಡಬೇಕೆಂದು ತಿಳಿಯದೆ ಮೂರು ಹಾಳೆ ಹರಿದು ಹಾಕಿದ್ದೇನೆ. ಫೋನಿನಲ್ಲಿ ಹೇಳೋಣವೆಂದರೆ ನಿಮ್ಮ ಗಣಿ ಲ್ಯಾಬಿನ ಪಕ್ಕದಲ್ಲಿದ್ದ ಆ ಕಲ್ಲು ಅರೆಯುವ ಯಂತ್ರ ನಿಮ್ಮ ಕಿವಿಯನ್ನು ಎಂದೋ ತಿಂದುಹಾಕಿದೆ. ಹಾಗಾಗಿ ಸುತ್ತಿ ಬಳಸದೆ ಕೆಲಸದ ಮಾತಿಗೇ ಬರುತ್ತೇನೆ.

ನಾನೀಗ ಹುಲ್ಲಿನ ಮೇಲೆ ಸಂಶೋಧನೆ ಮಾಡುತ್ತಿದ್ದೇನೆ. "ಅಷ್ಟೆಲ್ಲ ಓದಿ ಕೊನೆಗೆ ಹುಲ್ಲಾ?" ಎಂದು ನೀವು ನಗುವುದು ಇಲ್ಲಿಗೇ ಕೇಳಿಸುತ್ತಿದೆ. ಗಣಿಯವರು ಸತು ತೆಗೆದುಕೊಂಡು ಉಳಿದ ಪುಡಿಮಣ್ಣನ್ನು ಸುರಿದ ದಿಬ್ಬ ಇದೆಯಲ್ಲ, ನಾವು ಚಿಕ್ಕವರಿದ್ದಾಗ ಅದರ ಮೇಲೆ ಒಂದು ಕಡ್ಡಿಯೂ ಹುಟ್ಟುತ್ತಿರಲಿಲ್ಲ. ಈಗ ಅಲ್ಲಲ್ಲಿ ಹಸಿರು ಹಿಡಿದಿದೆ ಎಂದು ಯಾರೋ ತೆಗೆದ ಫೋಟೋದಲ್ಲಿ ನೋಡಿದೆ. ಅಂಥ ವಿಷದ ಮಣ್ಣಿನಲ್ಲಿ ಅದು ಹೇಗೆ ಬದುಕುತ್ತಿದೆ ಎನ್ನುವುದೇ ನನ್ನ ಪ್ರಶ್ನೆ.

ಆ ದಿಬ್ಬದಿಂದ ಇಪ್ಪತ್ತು ಬುಡ ಹುಲ್ಲು, ಬೇರು ಸಮೇತ, ಬೇಕು. ಹಾಗೆಯೇ ಹೋಲಿಸಿ ನೋಡಲು ಗಣಿಯಿಂದ ದೂರದ ಯಾವುದಾದರೂ ಶುದ್ಧ ಜಾಗದಿಂದ ಅದೇ ಜಾತಿಯ ಇಪ್ಪತ್ತು ಬುಡ. ಒದ್ದೆ ಬಟ್ಟೆಯಲ್ಲಿ ಸುತ್ತಿ, ಮೇಲೆ ಜಾಗದ ಹೆಸರು ಬರೆದು ಪಾರ್ಸೆಲ್ ಮಾಡಲು ಆಗುತ್ತದೆಯೇ? ಆ ಊರಿನಲ್ಲಿ ಇದನ್ನು ಕೇಳಲು ನನಗೆ ಬೇರೆ ಯಾರೂ ಇಲ್ಲ.

ಅಮ್ಮ ಚೆನ್ನಾಗಿದ್ದಾಳೆ. ನಾನು ಈ ಪತ್ರ ಬರೆಯುತ್ತಿರುವುದು ಅವಳಿಗೆ ಗೊತ್ತಿಲ್ಲ.

ನಿಮ್ಮ ಮಗಳು


ಜೂನ್ 14

ದೊಡ್ಡವಳಿಗೆ ಆಶೀರ್ವಾದ.

ನಿನ್ನ ಅಕ್ಷರ ನೋಡಿ ಲಕೋಟೆ ಒಡೆಯುವ ಮೊದಲು ಒಂದು ಲೋಟ ಚಹಾ ಮಾಡಿಕೊಂಡು ಕುಡಿದೆ. ಒಳಗೆ ಏನಿದೆಯೋ ಎಂಬ ಹೆದರಿಕೆ, ಇನ್ನೇನಲ್ಲ. ಹುಲ್ಲು ಎಂದು ತಿಳಿದ ಮೇಲೆ ಜೀವ ಬಂತು.

ಪಾರ್ಸೆಲ್ ನಿನ್ನೆ ಹಾಕಿದೆ. ದಿಬ್ಬದ ಮೇಲೆ ಹತ್ತಲು ಮಂಡಿ ಒಪ್ಪಲಿಲ್ಲ, ಕೂತುಕೊಂಡೇ ಜರುಗಿ ಜರುಗಿ ಹೋದೆ. ದೂರದಿಂದ ಕುರಿ ಕಾಯುವವನೊಬ್ಬ ನೋಡಿ "ಏನ್ ಯಜಮಾನ್ರೇ, ಕುರಿಗಳ ಹೊಟ್ಟೆ ಮೇಲೆ ಬರೆ ಎಳೆಯೋಕೆ ಬಂದ್ರಾ?" ಎಂದು ಕೂಗಿದ. ಅಂದರೆ ಹಾಗೆ ಕೂಗಿದ ಎಂದು ಆಮೇಲೆ ಹತ್ತಿರ ಬಂದು ಕಿವಿಯಲ್ಲಿ ಹೇಳಿದ. ಪ್ರತಿ ಬುಡಕ್ಕೂ ಬೇರೆ ಬೇರೆ ಚೀಟಿ ಕಟ್ಟಿದ್ದೇನೆ. ದಿಬ್ಬ 1ರಿಂದ ದಿಬ್ಬ 20. ಶುದ್ಧ ಜಾಗ 1ರಿಂದ 20. ಮೂವತ್ತೊಂದು ವರ್ಷ ಲ್ಯಾಬ್ ಸಹಾಯಕನಾಗಿ ಚೀಟಿ ಅಂಟಿಸಿದ ಕೈ, ಕೆಲಸ ಮರೆತಿಲ್ಲ.

ಹುಲ್ಲು ಹೇಗೆ ಬದುಕುತ್ತದೆ ಎಂದು ಕೇಳಿದ್ದೀಯ. ನನ್ನ ದಡ್ಡತಲೆಗೆ ತೋಚುವುದು ಇಷ್ಟು: ಒಗ್ಗಿಕೊಂಡಿದೆ. ನಾವೆಲ್ಲ ಇಲ್ಲಿನ ಧೂಳಿಗೆ, ಹೊಗೆಗೆ ಒಗ್ಗಿಕೊಳ್ಳಲಿಲ್ಲವೇ? ದಿನಾ ಸ್ವಲ್ಪ ಸ್ವಲ್ಪ ಸಹಿಸಿಕೊಂಡರೆ ಹುಲ್ಲಾದರೇನು, ಮನುಷ್ಯನಾದರೇನು.

ನಿನ್ನ ಅಮ್ಮನ ಮೊಣಕೈ ನೋವು ಹೇಗಿದೆ? ಕೇಳಿದೆ ಎಂದು ಹೇಳಬೇಕಾಗಿಲ್ಲ.

ಅಪ್ಪ


ಜುಲೈ 5

ಅಪ್ಪನಿಗೆ,

ಪಾರ್ಸೆಲ್ ತಲುಪಿತು. ಒಂದು ಬುಡವೂ ಬಾಡಿಲ್ಲ. ನಿಮ್ಮ ಚೀಟಿಗಳನ್ನು ನೋಡಿ ನಮ್ಮ ಮೇಡಂ, "ನಿಮ್ಮ ತಂದೆಯನ್ನೇ ಇಲ್ಲಿಗೆ ಕರೆಸಿಕೊಳ್ಳೋಣ" ಎಂದರು.

ಆದರೆ ನೀವು ಹೇಳಿದ್ದು ಸರಿಯಲ್ಲ. ಒಂದು ಗಿಡವೂ ಒಗ್ಗಿಕೊಳ್ಳುವುದಿಲ್ಲ ಅಪ್ಪ.

ಕಳೆದ ವರ್ಷ ನಾನು ಇಂಥದೇ ಇನ್ನೊಂದು ಗಣಿಯ ಮಣ್ಣು ತಂದು ಟ್ರೇಗಳಲ್ಲಿ ತುಂಬಿ, ಸಾಮಾನ್ಯ ಹುಲ್ಲುಗಾವಲಿನ ನಾಲ್ಕು ಸಾವಿರ ಬೀಜ ಬಿತ್ತಿದೆ. ಹೆಚ್ಚುಕಡಿಮೆ ಎಲ್ಲವೂ ಮೊಳೆತವು. ಮೊದಲ ವಾರ ನೋಡಿದವರು ತೋಟ ಎನ್ನಬೇಕು, ಅಷ್ಟು ಹಸಿರು. ಹತ್ತನೇ ದಿನ ತುದಿ ಹಳದಿಯಾಯಿತು. ಕಿತ್ತು ನೋಡಿದರೆ ಬೇರು ಕೆಳಗೆ ಇಳಿದೇ ಇಲ್ಲ, ಸುಟ್ಟ ಬತ್ತಿಯ ಹಾಗೆ ಮೊಂಡಾಗಿತ್ತು. ಮೂರನೇ ವಾರಕ್ಕೆ ನಾಲ್ಕು ಸಾವಿರದಲ್ಲಿ ಏಳು ಉಳಿದವು.

ಆ ಏಳು ಏನನ್ನೂ ಕಲಿಯಲಿಲ್ಲ. ಹುಟ್ಟುವಾಗಲೇ ಅವುಗಳಲ್ಲಿ ಏನೋ ಸಣ್ಣ ವ್ಯತ್ಯಾಸ ಇತ್ತು. ವಿಷವನ್ನು ಬೇರಿನಲ್ಲೇ ತಡೆದು ಕಟ್ಟಿಹಾಕುವ ಶಕ್ತಿ. ಒಳ್ಳೆಯ ಮಣ್ಣಿನಲ್ಲಿ ಅದರಿಂದ ಲಾಭವೇನೂ ಇರಲಿಲ್ಲ, ಬದಲಿಗೆ ಬೆಳವಣಿಗೆ ಒಂದು ಕೈ ಕಡಿಮೆಯೇ. ಈ ಮಣ್ಣಿನಲ್ಲಿ ಮಾತ್ರ ಅದೇ ಅವುಗಳನ್ನು ಉಳಿಸಿತು. ಅವು ಬೀಜ ಕಟ್ಟುತ್ತವೆ, ಆ ಬೀಜದಲ್ಲಿ ಹೆಚ್ಚಿನವು ಉಳಿಯುತ್ತವೆ, ಮತ್ತೆ ಅವುಗಳ ಬೀಜ. ಹೀಗೆ ಕೆಲವೇ ದಶಕಗಳಲ್ಲಿ ದಿಬ್ಬ ಹಸಿರಾಗುತ್ತದೆ. ಅದನ್ನು ನೋಡಿದವರು ಹುಲ್ಲು ಒಗ್ಗಿಕೊಂಡಿತು ಎನ್ನುತ್ತಾರೆ, ಏಕೆಂದರೆ ಸತ್ತವು ಯಾರ ಕಣ್ಣಿಗೂ ಬೀಳುವುದಿಲ್ಲ.

ಪಾಠ ಮಾಡಿದಂತಾಯಿತು, ಬೇಸರ ಬೇಡ.

ಮಗಳು


ಜುಲೈ 13

ದೊಡ್ಡವಳಿಗೆ,

ನಿನ್ನ ಪತ್ರ ಮೂರು ಸಲ ಓದಿದೆ. ಹೊರಗೆ ಹೋಗಿ ಸ್ವಲ್ಪ ಹೊತ್ತು ನಿಂತು ಬಂದು ಮತ್ತೊಮ್ಮೆ ಓದಿದೆ.

ಉಳಿದ ಮೂರು ಸಾವಿರದ ಒಂಬೈನೂರ ತೊಂಬತ್ತಮೂರನ್ನು ಏನು ಮಾಡಿದೆ?

ಅಪ್ಪ


ಆಗಸ್ಟ್ 4

ಅಪ್ಪನಿಗೆ,

ಅವನ್ನು ಒಣಗಿಸಿ, ತೂಕ ಮಾಡಿ, ಡಬ್ಬಿಗಳಲ್ಲಿ ಇಟ್ಟಿದ್ದೇನೆ. ನೀವು ಅದನ್ನೇ ಯಾಕೆ ಕೇಳಿದಿರೋ ತಿಳಿಯಲಿಲ್ಲ.

ಈಗ ಒಂದು ತೊಡಕು ಬಂದಿದೆ. ನಮ್ಮ ಪರೀಕ್ಷೆ ಸುಲಭದ್ದು. ಹುಲ್ಲಿನ ಕುಡಿಗಳ ಹಳೆಯ ಬೇರು ಕತ್ತರಿಸಿ ಎರಡು ಜಾಡಿಗಳಲ್ಲಿ ಇಳಿಬಿಡುತ್ತೇವೆ. ಒಂದರಲ್ಲಿ ಬರೀ ನೀರು, ಇನ್ನೊಂದರಲ್ಲಿ ಸತು ಬೆರೆಸಿದ ನೀರು. ಹತ್ತು ದಿನ ಬಿಟ್ಟು ಹೊಸ ಬೇರು ಅಳೆಯುತ್ತೇವೆ. ದಿಬ್ಬದ ಹುಲ್ಲು ವಿಷದ ನೀರಿನಲ್ಲೂ ಬೇರು ಬಿಡಬೇಕು, ಶುದ್ಧ ಜಾಗದ ಹುಲ್ಲು ಬಿಡಬಾರದು.

ನಿಮ್ಮ ಶುದ್ಧ ಜಾಗದ ಹುಲ್ಲು ಇಪ್ಪತ್ತರಲ್ಲಿ ಹದಿನೇಳು ಬೇರು ಬಿಟ್ಟಿವೆ. ಉದ್ದ, ಬಿಳಿ, ಆರೋಗ್ಯವಾದ ಬೇರು. ಎರಡು ಸಲ ಮಾಡಿ ನೋಡಿದೆ.

ಪ್ಯಾಕೆಟ್ ಕಟ್ಟುವಾಗ ಏನಾದರೂ ಅದಲುಬದಲಾಯಿತೇ? ಕೋಪ ಮಾಡಿಕೊಳ್ಳಬೇಡಿ. ಯಾರ ಕೈಯಲ್ಲಾದರೂ ಆಗುವಂಥದ್ದು.

ಮಗಳು


ಆಗಸ್ಟ್ 11

ದೊಡ್ಡವಳಿಗೆ,

ಪ್ಯಾಕೆಟ್ ಅದಲುಬದಲಾಗಿಲ್ಲ.

ಶುದ್ಧ ಜಾಗ ಎಂದು ಬರೆದದ್ದು ನಮ್ಮ ಕ್ವಾರ್ಟರ್ಸಿನ ಹಿತ್ತಿಲು. ಬಾವಿಯ ಸುತ್ತಲಿನ ಹುಲ್ಲು. ದಿಬ್ಬದಿಂದ ಎರಡು ಮೈಲಿ.

ಅಪ್ಪ


ಆಗಸ್ಟ್ 20

ಅಪ್ಪನಿಗೆ,

ಮೂರು ದಿನದಿಂದ ಲ್ಯಾಬಿಗೆ ಹೋಗಿಲ್ಲ. ನನಗೆ ಜ್ವರ ಎಂದು ಅಮ್ಮನಿಗೆ ಸುಳ್ಳು ಹೇಳಿದ್ದೇನೆ.

ವಿಷದ ನೀರಿನಲ್ಲಿ ಬೇರು ಬಿಡುವ ಹುಲ್ಲು ಸುಮ್ಮನೆ ಒಂದು ಹಿತ್ತಿಲಿನಲ್ಲಿ ಹುಟ್ಟುವುದಿಲ್ಲ. ಅಲ್ಲಿ ವರ್ಷಗಟ್ಟಲೆ ಮಿಕ್ಕ ಹುಲ್ಲೆಲ್ಲ ಸಾಯುತ್ತ ಬಂದಿರಬೇಕು. ನನಗೆ ಆಗ ಏಳೋ ಎಂಟೋ ವರ್ಷ, ಹಿತ್ತಿಲು ತಗ್ಗಾಗಿದೆ, ನೀರು ನಿಲ್ಲುತ್ತದೆ ಎಂದು ಕಂಪನಿಯವರು ಲಾರಿಗಳಲ್ಲಿ ಬೂದು ಮರಳು ತಂದು ಸಮ ಮಾಡಿದ್ದು ನೆನಪಿದೆ. ಮುಟ್ಟಿದರೆ ಹಿಟ್ಟಿನ ಹಾಗೆ ನುಣುಪು, ಆ ದಿಬ್ಬದ ಪುಡಿಮಣ್ಣಿನ ಹಾಗೆಯೇ. ತಂಗಿ, ನಿಮ್ಮ ಚಿಕ್ಕವಳು, ನಡೆಯಲು ಕಲಿತಾಗಿನಿಂದ ಆಡಿದ್ದೆಲ್ಲ ಅದರ ಮೇಲೆಯೇ. ಆ ಬಾವಿಯ ನೀರನ್ನೇ ನಾವು ನಾಲ್ಕೂ ಜನ ಕುಡಿದೆವು.

ಅವಳು ಕಿಡ್ನಿ ಹೋಗಿ ತೀರಿಕೊಂಡು ಹತ್ತೊಂಬತ್ತು ವರ್ಷವಾಯಿತು. ಯಾಕೆ ಹೋಯಿತೆಂದು ಯಾವ ಡಾಕ್ಟರೂ ಹೇಳಲಿಲ್ಲ. ಸತುವಿನ ಜೊತೆಗೇ ಕ್ಯಾಡ್ಮಿಯಂ ಎಂಬ ಇನ್ನೊಂದು ಲೋಹ ಬರುತ್ತದೆ, ಅದು ಹೋಗಿ ಕೂರುವುದು ಕಿಡ್ನಿಯಲ್ಲಿ. ಇದನ್ನು ನಾನು ನಿಮಗೆ ಹೇಳಿಕೊಡಬೇಕಾಗಿಲ್ಲ.

ಸುತ್ತಲಿನ ಬಾವಿಗಳ ನೀರಿನ ಬಾಟಲಿ ಪ್ರತಿ ತಿಂಗಳೂ ನಿಮ್ಮ ಲ್ಯಾಬಿಗೇ ಬರುತ್ತಿತ್ತು. ಚೀಟಿ ಅಂಟಿಸುತ್ತಿದ್ದವರು ನೀವು.

ನಿಮಗೆ ಗೊತ್ತಿತ್ತೇ?

ಮಗಳು


ಸೆಪ್ಟೆಂಬರ್ 30

ದೊಡ್ಡವಳಿಗೆ,

ಆರು ವಾರ ತೆಗೆದುಕೊಂಡೆ. ಉತ್ತರ ಒಂದೇ ಪದದ್ದು. ಗೊತ್ತಿತ್ತು.

ಚಿಕ್ಕವಳಿಗೆ ಕಾಯಿಲೆ ಬರುವುದಕ್ಕೆ ಒಂದೂವರೆ ವರ್ಷ ಮೊದಲು, ಏಪ್ರಿಲ್ ತಿಂಗಳಲ್ಲಿ, ನಮ್ಮ ಬಾವಿಯ ಬಾಟಲಿ ಯಂತ್ರಕ್ಕೆ ಹಾಕಿದಾಗ ಕ್ಯಾಡ್ಮಿಯಂ ಮಿತಿಗಿಂತ ಹನ್ನೊಂದು ಪಟ್ಟು ಬಂತು. ಮುಖ್ಯಸ್ಥರಿಗೆ ತೋರಿಸಿದೆ. "ಯಂತ್ರಕ್ಕೆ ವಯಸ್ಸಾಗಿದೆ ಕಣಯ್ಯ, ಇನ್ನೊಂದ್ಸಲ ನೋಡು" ಅಂದರು. ನೋಡಿದೆ, ಅಷ್ಟೇ ಬಂತು. "ಇನ್ನೊಂದ್ಸಲ ನೋಡು" ಅಂದರು. ಆಗ ಅರ್ಥವಾಯಿತು. ಬಾಟಲಿಗೆ ಲ್ಯಾಬಿನ ಶುದ್ಧ ನೀರು ಬೆರೆಸಿ ಯಂತ್ರಕ್ಕೆ ಹಾಕಿದೆ. ಅವರಿಗೆ ಬೇಕಾದ ಅಂಕಿ ಬಂತು. ನನ್ನ ಕೈಯಿಂದಲೇ ರಿಜಿಸ್ಟರಿನಲ್ಲಿ ಬರೆದು ಸಹಿ ಹಾಕಿದೆ. ಅವರು ನನ್ನ ಭುಜ ತಟ್ಟಿ, "ಇಲ್ಲಿನ ಜನ ಮೂವತ್ತು ವರ್ಷದಿಂದ ಇದನ್ನೇ ಕುಡೀತಿದ್ದಾರೆ, ಅವರಿಗೆ ಒಗ್ಗಿಹೋಗಿದೆ" ಅಂದರು. ಆ ಮಾತು ನನಗೆ ಎಷ್ಟು ಹಿತವಾಯಿತೆಂದರೆ, ಅವತ್ತಿನಿಂದ ಇವತ್ತಿನವರೆಗೂ ಅದನ್ನೇ ಹೇಳಿಕೊಂಡು ಬಂದೆ. ಜೂನ್‌ನಲ್ಲಿ ನಿನಗೂ ಬರೆದೆ.

ಅದೇ ವಾರ ನಿನ್ನ ಅಮ್ಮ, "ನೀರು ಯಾಕೋ ಒಗರು ಒಗರಾಗಿದೆ, ಮಕ್ಕಳಿಗೆ ಕೊಡಬಹುದಾ ಅಂತ ನಿಮ್ಮ ಲ್ಯಾಬಲ್ಲಿ ಒಂದ್ಸಲ ನೋಡಿಸ್ರೀ" ಎಂದಳು. "ನೋಡಾಯ್ತು, ಏನೂ ಆಗಲ್ಲ, ಕುಡೀರಿ" ಎಂದು ಅವಳೆದುರಿಗೇ ಒಂದು ಲೋಟ ಕುಡಿದೆ. ಚಿಕ್ಕವಳು ನನ್ನನ್ನು ನೋಡಿ ತಾನೂ ಅಷ್ಟೇ ದೊಡ್ಡ ಲೋಟ ಹಿಡಿದು ಕುಡಿದಳು. ನನಗಿಂತ ಮೊದಲು ಮುಗಿಸಿ ಲೋಟ ಬೋರಲು ಹಾಕಿ ತೋರಿಸಿದಳು.

ಅದರಿಂದಲೇ ಆಯಿತು ಎಂದು ಯಾರೂ ಹೇಳಿಲ್ಲ. ನಾಲ್ಕು ಜನ ಕುಡಿದೆವು, ಮೂವರು ಇದ್ದೇವೆ. ಆಗಿರಲಾರದು, ಆಗಿರಲಾರದು ಎಂದುಕೊಂಡು ಎಷ್ಟೋ ಕಾಲ ನೂಕಿದೆ. ನಿನ್ನ ಆ ಏಳು ಸಸಿಗಳ ವಿಷಯ ಓದಿದ ಮೇಲೆ ಹಾಗೆ ಅಂದುಕೊಳ್ಳಲು ಆಗುತ್ತಿಲ್ಲ.

ಮೊದಲು ಕೆಲಸ ಹೋಗುತ್ತದೆ, ಮನೆ ಹೋಗುತ್ತದೆ ಎಂದು ಬಾಯಿ ಮುಚ್ಚಿಕೊಂಡೆ. ಅವಳು ಹೋದ ಮೇಲೆ ಹೇಳಿದರೆ ನಿಮ್ಮಿಬ್ಬರನ್ನೂ ಕಳೆದುಕೊಳ್ಳುತ್ತೇನೆ ಎಂದು ಮುಚ್ಚಿಕೊಂಡೆ. ಹೇಳದೆಯೂ ಕಳೆದುಕೊಂಡೆ.

ಹಿತ್ತಿಲಿನ ಹುಲ್ಲನ್ನು ಯಾಕೆ ಕಳಿಸಿದೆ ಎಂದು ನನ್ನನ್ನೇ ಕೇಳಿಕೊಂಡಿದ್ದೇನೆ. ಮಂಡಿ ನೋವು, ದೂರ ಹೋಗಲಾಗಲಿಲ್ಲ ಎನ್ನುವುದು ನಿಜ. ಆದರೆ ಶುದ್ಧ ಜಾಗ ಎಂದು ಬರೆದ ಮೊದಲ ಚೀಟಿಯನ್ನು ಹರಿದು ಮತ್ತೆ ಬರೆದೆ ಎನ್ನುವುದೂ ನಿಜ.

ಕ್ಷಮಿಸು ಎಂದು ಬರೆದು ಹೊಡೆದುಹಾಕಿದ್ದೇನೆ. ಆ ಗೀಟು ನಿನಗೆ ಕಾಣುತ್ತಿರಬಹುದು.

ಅಪ್ಪ


ಅಕ್ಟೋಬರ್ 9

ಅಪ್ಪ,

ನಿಮ್ಮ ಪತ್ರವನ್ನು ಅಮ್ಮನಿಗೆ ಓದಿ ಹೇಳಿದೆ. ಓದಬಾರದಿತ್ತೋ ಏನೋ. ಆದರೆ ಈ ಮನೆಯಲ್ಲಿ ಇನ್ನೊಂದು ಗುಟ್ಟು ಇಟ್ಟುಕೊಳ್ಳಲು ನನ್ನಿಂದಾಗಲಿಲ್ಲ.

ಅವಳು ಬಟ್ಟೆ ಮಡಿಸುತ್ತಿದ್ದಳು. ಕೊನೆಯವರೆಗೂ ಮಡಿಸುತ್ತಲೇ ಕೇಳಿದಳು. ಮುಗಿದ ಮೇಲೆ, "ಹಾಗಾದ್ರೆ ಬಾಟಲಿ?" ಎಂದಳು.

ನನಗೆ ಅರ್ಥವಾಗಲಿಲ್ಲ. ಆಗ ಹೇಳಿದಳು, ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ. ಆಸ್ಪತ್ರೆಯಲ್ಲಿ ಕೊನೆಯ ವಾರ ಚಿಕ್ಕವಳಿಗೆ ಇಷ್ಟೇ ನೀರು ಎಂದು ಅಳೆದು ಕೊಡುತ್ತಿದ್ದರಂತೆ. ಅವಳು, ಕೊಡೋದೇ ಎರಡು ಗುಟುಕಾದ್ರೆ ನಮ್ಮನೆ ಬಾವಿ ನೀರೇ ಕೊಡು, ಇಲ್ಲಿಂದು ರುಚಿ ಇಲ್ಲ ಎಂದು ಹಟ ಹಿಡಿದಳಂತೆ. ಅಮ್ಮ ಬಸ್ಸು ಹಿಡಿದು ಹೋಗಿ ಒಂದು ಸಣ್ಣ ಬಾಟಲಿ ತುಂಬಿಕೊಂಡು ಬಂದಳಂತೆ. ನೀವು ಅದನ್ನು ಕಿತ್ತುಕೊಂಡು ಮಗುವಿನ ಕಣ್ಣೆದುರೇ ಬೇಸಿನ್ನಿಗೆ ಸುರಿದಿರಂತೆ. ಮಾರನೇ ದಿನ ಚಿಕ್ಕವಳು ಹೋದಳು.

"ಸಾಯೋ ಮಗೂಗೆ ಒಂದು ಗುಟುಕು ನೀರು ಕೊಡಕ್ಕೂ ಈ ಮನುಷ್ಯನಿಗೆ ಮನಸ್ಸು ಬರಲಿಲ್ಲವಲ್ಲ ಅಂತ ನಾನು ಮನೆ ಬಿಟ್ಟೆ" ಎಂದಳು ಅಮ್ಮ. ಆಮೇಲೆ, "ಇಷ್ಟು ವರ್ಷ ತಪ್ಪು ಕಾರಣಕ್ಕೆ ಸಿಟ್ಟು ಮಾಡ್ಕೊಂಡಿದ್ದೆ. ಈಗ ಸರಿಯಾದ ಕಾರಣ ಸಿಕ್ಕಿತು" ಎಂದಳು. ಮಡಿಸಿಟ್ಟ ಬಟ್ಟೆಯನ್ನೆಲ್ಲ ಬಿಡಿಸಿ ಮತ್ತೆ ಮೊದಲಿನಿಂದ ಮಡಿಸತೊಡಗಿದಳು.

ನೀವು ಬಾಟಲಿಯ ವಿಷಯ ಯಾಕೆ ಬರೆಯಲಿಲ್ಲ? ಅದೊಂದೇ ನಿಮ್ಮ ಪರವಾಗಿ ಇದ್ದದ್ದು.

ಕ್ಷಮಿಸುವ ಮಾತು ನನಗೂ ಗೊತ್ತಿಲ್ಲ. ಒಂದು ಕೇಳುತ್ತೇನೆ. ಆ ಕ್ವಾರ್ಟರ್ಸ್ ಸಾಲಿನಲ್ಲಿ ಈಗಲೂ ಆರು ಮನೆಗಳಲ್ಲಿ ಜನ ಇದ್ದಾರೆ. ಅವರು ಯಾವ ನೀರು ಕುಡಿಯುತ್ತಿದ್ದಾರೆ? ಈ ತಿಂಗಳ ಕೊನೆಗೆ ನನ್ನ ಫಲಿತಾಂಶವನ್ನು ಸಂಬಂಧಪಟ್ಟ ಕಚೇರಿಗೆ ಕಳಿಸುತ್ತೇನೆ. ಅಷ್ಟರೊಳಗೆ ಅವರು ಅದನ್ನು ನಿಮ್ಮ ಬಾಯಿಂದ ಕೇಳಬೇಕು.

ಮಗಳು


ಅಕ್ಟೋಬರ್ 22

ದೊಡ್ಡವಳಿಗೆ,

ಆರೂ ಮನೆಗೆ ಹೋಗಿ ಬಂದೆ. ನಲ್ಲಿ ಮೂರು ದಿನಕ್ಕೊಮ್ಮೆ ಬರುತ್ತದೆ, ಹಾಗಾಗಿ ಎಲ್ಲರೂ ಬಾವಿಯದನ್ನೇ ಕುಡಿಯುತ್ತಿದ್ದರು. ಐದು ಮನೆಗಳಲ್ಲಿ ಬೈದರು. ಒಬ್ಬನು ಕೊರಳಪಟ್ಟಿ ಹಿಡಿದ. ಕಿವಿ ಕೇಳದಿರುವುದು ಒಂದು ರೀತಿಯಲ್ಲಿ ಒಳ್ಳೆಯದೇ ಎಂದು ಅವತ್ತು ಅನ್ನಿಸಿತು.

ಕೊನೆಯ ಮನೆಯ ದರ್ಜಿ ಹೆಂಗಸು ಮಾತ್ರ ಬೈಯಲಿಲ್ಲ. ಅವಳಿಗೆ ಇಬ್ಬರು ಹೆಣ್ಣುಮಕ್ಕಳು. ಹೊಲಿಗೆ ಯಂತ್ರ ನಿಲ್ಲಿಸಿ, "ಕೂತ್ಕೊಳ್ಳಿ ಲ್ಯಾಬಣ್ಣ" ಎಂದಳು. ಹೇಳಿ ಮುಗಿಸಿದೆ. ಅವಳು ನನ್ನ ಕಿವಿಯ ಹತ್ತಿರ ಬಂದು ನಿಧಾನವಾಗಿ, ಬಿಡಿಸಿ ಬಿಡಿಸಿ ಮಾತಾಡಿದಳು.

"ನಾನು ಈ ಮನೆಗೆ ಬಂದು ಹನ್ನೆರಡು ವರ್ಷ. ದಿನಾ ಬೆಳಗ್ಗೆ ನನ್ನ ಕೊಡ ಬಾವಿಗಿಳಿಯೋದನ್ನ ನೋಡ್ತಿದ್ರಿ. ಕೈ ಎತ್ತಿ ಮಾತಾಡಿಸ್ತಿದ್ರಿ."

"ಹೌದಮ್ಮ."

"ನೀವು ಮಾತ್ರ ಸೈಕಲ್ಲಿಗೆ ಕ್ಯಾನು ಕಟ್ಕೊಂಡು ಬಸ್ ಸ್ಟ್ಯಾಂಡಿನಿಂದ ನೀರು ತರ್ತಿದ್ರಿ. ಯಾಕೆ ಅಂದ್ರೆ ವ್ಯಾಯಾಮ ಅಂದ್ರಿ. ಈ ವಯಸ್ಸಲ್ಲೂ ಎಷ್ಟು ಗಟ್ಟಿ ಅಂತ ನಾನು ನನ್ನ ಮಕ್ಕಳಿಗೆ ನಿಮ್ಮನ್ನ ತೋರಿಸ್ತಿದ್ದೆ."

ಎದ್ದು ಬಂದೆ. ಅವಳು ತುಂಬಿದ ಕೊಡಗಳನ್ನು ಒಂದೊಂದಾಗಿ ತಂದು ರಸ್ತೆಗೆ ಸುರಿದಳು. ನನ್ನ ಕಡೆ ತಿರುಗಿ ನೋಡಲಿಲ್ಲ. ಮಕ್ಕಳಿಬ್ಬರ ರಕ್ತ ಪರೀಕ್ಷೆಗೆ ಬರೆಸಿದ್ದಾಳಂತೆ, ಪಕ್ಕದ ಮನೆಯವರು ಹೇಳಿದರು.

ಬಾಟಲಿಯ ವಿಷಯ. ಅದು ನನ್ನ ಪರವಾಗಿ ಇರುವುದಲ್ಲ ಮಗಳೇ. ಅವಳ ಪಾಲಿನ ನೀರನ್ನು ಸುರಿದೆ. ಈ ಮಕ್ಕಳ ಪಾಲಿನದನ್ನು ಸುರಿಯಲಿಲ್ಲ.

ಅಪ್ಪ


ನವೆಂಬರ್ 27

ದೊಡ್ಡವಳಿಗೆ,

ಕಚೇರಿಯವರು ಬಂದಿದ್ದರು. ಮೂರು ದಿನ ಮಣ್ಣು ಅಗೆದರು, ನೀರು ತುಂಬಿಕೊಂಡರು. ಬಾವಿಗೆ ಕಬ್ಬಿಣದ ಮುಚ್ಚಳ ಹಾಕಿ ಬೆಸುಗೆ ಮಾಡಿದ್ದಾರೆ. ಈಗ ದಿನಕ್ಕೊಂದು ಟ್ಯಾಂಕರ್ ಬರುತ್ತದೆ. ನಾನು ಸಾಲಿನಲ್ಲಿ ನಿಂತರೆ ಹಿಂದೆ ಮುಂದೆ ಜಾಗ ಬಿಟ್ಟು ನಿಲ್ಲುತ್ತಾರೆ. ದರ್ಜಿಯ ದೊಡ್ಡ ಮಗಳ ರಕ್ತದಲ್ಲಿ ಆ ಲೋಹ ಸಿಕ್ಕಿದೆಯಂತೆ. ಬೇಗ ತಿಳಿದದ್ದರಿಂದ ಕಣ್ಣಿಟ್ಟು ನೋಡಿಕೊಳ್ಳಬಹುದು ಎಂದಿದ್ದಾರಂತೆ ಡಾಕ್ಟರು.

ಹೇಳಿಕೆ ಕೊಡಲು ಕರೆದಿದ್ದರು. ಮೇಜಿನ ಆಚೆ ಒಬ್ಬಳು ಹುಡುಗಿ, ನಿನಗಿಂತ ಚಿಕ್ಕವಳು. ಎರಡು ಸಲ ಕೂಗಿ ಕೇಳಿ, ನನಗೆ ಕೇಳಿಸದಿದ್ದಾಗ ಫಾರಂ ಅನ್ನೇ ನನ್ನ ಕಡೆ ತಿರುಗಿಸಿ ಪೆನ್ನು ಕೊಟ್ಟಳು.

ತೊಂದರೆಗೊಳಗಾದವರ ಹೆಸರು ಎಂದಿತ್ತು. ಚಿಕ್ಕವಳ ಪೂರ್ತಿ ಹೆಸರು ಬರೆದೆ. ಹತ್ತೊಂಬತ್ತು ವರ್ಷದಿಂದ ಬರೆದಿರಲಿಲ್ಲ. ಮೂರನೇ ಅಕ್ಷರಕ್ಕೆ ಒತ್ತು ಇದೆಯೋ ಇಲ್ಲವೋ ಎಂದು ಕೈ ನಿಂತುಬಿಟ್ಟಿತು. ಸ್ವಂತ ಮಗಳ ಹೆಸರು. ಹುಡುಗಿ ಕಾದಳು. ವಯಸ್ಸು ಎಂದಿತ್ತು, ಒಂಬತ್ತು ಎಂದು ಬರೆದೆ. ಹೇಳಿಕೆ ಕೊಡುವವರ ಹೆಸರು ಎಂದಿತ್ತು, ನನ್ನ ಹೆಸರು ಬರೆದೆ. ಸಂಬಂಧ ಎಂದಿತ್ತು, ತಂದೆ ಎಂದು ಬರೆದೆ. ಅದರ ಕೆಳಗೆ, ಇದಕ್ಕೆ ಕಾರಣರಾದವರು ಯಾರೆಂದು ತಿಳಿದಿದ್ದರೆ ಬರೆಯಿರಿ ಎಂದಿತ್ತು. ಕಂಪನಿಯ ಹೆಸರು ಬರೆದೆ, ಮುಖ್ಯಸ್ಥರ ಹೆಸರು ಬರೆದೆ, ಅವರು ಈಗ ಇಲ್ಲ. ಮೂರನೆಯದಾಗಿ ನನ್ನ ಹೆಸರು ಬರೆದೆ.

ಹುಡುಗಿ ಓದಿ ನೋಡಿ, ಒಂದೇ ಹೆಸರು ಎರಡು ಕಡೆ ಬಂದಿದೆ, ತಪ್ಪಾಗಿದೆಯಾ ಎಂದು ಬೆರಳಿಟ್ಟು ತೋರಿಸಿದಳು. ಇಲ್ಲ ಎಂದು ತಲೆಯಾಡಿಸಿದೆ.

ಫಾರಮಿನ ಪ್ರತಿ ಇದರ ಜೊತೆ ಇಟ್ಟಿದ್ದೇನೆ. ನೋಡುವುದಾದರೆ ನಿನ್ನ ಅಮ್ಮನಿಗೂ ತೋರಿಸು. ಮುಂದೆ ಏನು ಮಾಡುತ್ತಾರೋ ಮಾಡಲಿ.

ಅಪ್ಪ


ಡಿಸೆಂಬರ್ 6

ಫಾರಮಿನ ಪ್ರತಿ ನೋಡಿದೆ.

ಹೆಸರು ಸರಿಯಾಗಿದೆ. ಒತ್ತೂ ಸರಿಯಾಗಿದೆ.

ವಯಸ್ಸು ತಪ್ಪು. ಅವಳು ಹೋದಾಗ ಒಂಬತ್ತು ವರ್ಷ ಏಳು ತಿಂಗಳು. ಆ ಏಳು ತಿಂಗಳೂ ಅವಳು ಬದುಕಿದ್ದಳು. ಹೋಗಿ ತಿದ್ದಿಸಿ ಬನ್ನಿ.

ಚಿಕ್ಕವಳ ಅಮ್ಮ